ಅಪರೂಪದ ಕಾಯಿಲೆಗಳು ಮತ್ತು ಅವುಗಳ ವೈದ್ಯಕೀಯ ಹೆಸರುಗಳು: ಕರಾವಳಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಉಡುಪಿ ಜಿಲ್ಲೆಯ ಒಂದು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಕೇಸ್ ಶೀಟು ತೆರೆದು, ವೈದ್ಯರು ಬರೆದ ರೋಗದ ಹೆಸರನ್ನು ಓದಿ, ಅದಕ್ಕೆ ತಕ್ಕ ಸಂಕೇತಸಂಖ್ಯೆಯನ್ನು ನಮೂದಿಸುವುದು ನನ್ನ ಕೆಲಸವಾಗಿತ್ತು. ಬೈಂದೂರು, ಕಾರ್ಕಳ, ಮೂಡುಬಿದಿರೆ, ಪುತ್ತೂರು ಕಡೆಗಳಿಂದ ಬಂದವರು ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ನಮ್ಮ ಕಿಟಕಿಯ ಮುಂದೆ ನಿಂತು, ಅದರಲ್ಲಿ ಬರೆದ ಉದ್ದನೆಯ ಹೆಸರಿನ ಮೇಲೆ ಬೆರಳಿಟ್ಟು, "ಇದು ಏನು?" ಎಂದು ಕೇಳುತ್ತಿದ್ದರು. ನಾನು ವೈದ್ಯನಲ್ಲ. ಚಿಕಿತ್ಸೆಯ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಆದರೆ ಹೆಸರು ಎಂದರೆ ಏನು, ಅದು ಎಲ್ಲಿಂದ ಬಂತು, ಅದನ್ನು ಪೂರ್ತಿಯಾಗಿ ತಿಳಿದಿಟ್ಟುಕೊಳ್ಳುವುದು ಏಕೆ ಅಗತ್ಯ ಎಂಬುದನ್ನು ಹೇಳಬಲ್ಲೆ. ಆ ಕಿಟಕಿಯಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಅಪರೂಪದ ಕಾಯಿಲೆ ಎಂದರೆ ಎಷ್ಟು ಅಪರೂಪ?

ಇದಕ್ಕೆ ಎಲ್ಲ ದೇಶಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಅಮೆರಿಕದ 1983ರ ಕಾನೂನಿನ ಪ್ರಕಾರ ಇಡೀ ದೇಶದಲ್ಲಿ 2 ಲಕ್ಷಕ್ಕಿಂತ ಕಡಿಮೆ ಜನರಿಗಿರುವ ಕಾಯಿಲೆ ಅಪರೂಪದ್ದು. ಜಪಾನಿನಲ್ಲಿ ಈ ಮಿತಿ 50,000. ಯುರೋಪ್ ಒಕ್ಕೂಟವು 10,000 ಜನರಲ್ಲಿ 5 ಮಂದಿಗಿಂತ ಹೆಚ್ಚಿಲ್ಲದ್ದನ್ನು ಅಪರೂಪ ಎನ್ನುತ್ತದೆ. ಭಾರತ ಸರಕಾರದ 2021ರ ರಾಷ್ಟ್ರೀಯ ನೀತಿಯು ಇಂತಹ ಸಂಖ್ಯೆಯನ್ನು ನಿಗದಿಪಡಿಸದೆ, ಕಾಯಿಲೆಗಳನ್ನು ಹೆಸರಿಸಿ ಗುಂಪು ಮಾಡಿದೆ.

ಯುರೋಪಿನ ಅಳತೆಯನ್ನು ನಮ್ಮ ಜಿಲ್ಲೆಗೆ ಹಚ್ಚಿ ನೋಡಬಹುದು. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಜನಸಂಖ್ಯೆ ಸುಮಾರು 11.77 ಲಕ್ಷ. ಅಂದರೆ ಒಂದು ಕಾಯಿಲೆ ಈ ಜಿಲ್ಲೆಯಲ್ಲಿ 580 ಮಂದಿಗೆ ಇದ್ದರೂ ಅದು ಅಪರೂಪದ ಪಟ್ಟಿಯಲ್ಲೇ ಉಳಿಯುತ್ತದೆ. ಇಂತಹ ಕಾಯಿಲೆಗಳು 6,000ಕ್ಕೂ ಹೆಚ್ಚು ಇವೆ. ಒಂದೊಂದೂ ವಿರಳ, ಎಲ್ಲವನ್ನೂ ಕೂಡಿಸಿದರೆ ವಿರಳವಲ್ಲ. "ಜಗತ್ತಿನಲ್ಲಿ ನಮ್ಮ ಮನೆಗೊಂದೇ ಇದು ಬಂದದ್ದೇ?" ಎಂದು ಕಣ್ಣೀರಿಡುತ್ತಿದ್ದ ತಾಯಂದಿರಿಗೆ ನಾನು ಮೊದಲು ಹೇಳುತ್ತಿದ್ದ ಮಾತು ಇದೇ.

ಪ್ರಶ್ನೆ: ಒಂದು ಊರಿನಲ್ಲಿ ಅಪರೂಪವಾದದ್ದು ಇನ್ನೊಂದು ಊರಿನಲ್ಲಿ ಸಾಮಾನ್ಯವಾಗಿರಲು ಸಾಧ್ಯವೇ?

ಖಂಡಿತ ಸಾಧ್ಯ, ಕರಾವಳಿಯವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. ಇಲಿ ಜ್ವರವನ್ನು ನೋಡಿ. ವೈದ್ಯರು ಅದನ್ನು ಲೆಪ್ಟೊಸ್ಪೈರೋಸಿಸ್ ಎನ್ನುತ್ತಾರೆ. ಅದರ ತೀವ್ರ ರೂಪಕ್ಕೆ 1886ರಲ್ಲಿ ಅದನ್ನು ವಿವರಿಸಿದ ಜರ್ಮನ್ ವೈದ್ಯ ಅಡಾಲ್ಫ್ ವೈಲ್ ಅವರ ಹೆಸರಿದೆ. ಒಣ ಪ್ರದೇಶದ ವೈದ್ಯರು ಅಪರೂಪಕ್ಕೆ ಕಾಣುವ ಈ ಜ್ವರ ನಮ್ಮಲ್ಲಿ ಮಳೆ ಹಿಡಿದರೆ ಗದ್ದೆ, ತೋಟಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ವರ್ಷವೂ ಬರುತ್ತದೆ.

ಅದಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಇನ್ನೊಂದು ಹೆಸರು ಮೆಲಿಯೊಯ್ಡೋಸಿಸ್. 1912ರಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಕೃಷ್ಣಸ್ವಾಮಿ ರಂಗೂನಿನಲ್ಲಿ ಕಂಡ ರೋಗಿಗಳ ವಿವರಣೆಯೊಂದಿಗೆ ಇದು ವೈದ್ಯಲೋಕಕ್ಕೆ ಪರಿಚಯವಾಯಿತು. ಹೀಗಾಗಿ ಇದನ್ನು ವಿಟ್ಮೋರ್ ಕಾಯಿಲೆ ಎಂದೂ ಕರೆಯುತ್ತಾರೆ. ಮಣ್ಣು ಮತ್ತು ನೀರಿನಲ್ಲಿ ಬದುಕುವ ಬರ್ಖೋಲ್ಡೇರಿಯ ಸೂಡೊಮ್ಯಾಲೈ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕವೋ ಉಸಿರಿನ ಮೂಲಕವೋ ದೇಹವನ್ನು ಸೇರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಬಹಳ ಹೆಚ್ಚು. ಶ್ವಾಸಕೋಶಕ್ಕೆ ತಗುಲಿದರೆ ಕ್ಷಯದಂತೆ ಕಾಣುತ್ತದೆ. ಲಿವರ್, ಗುಲ್ಮ, ಕೀಲುಗಳಲ್ಲಿ ಕೀವು ಕಟ್ಟುವುದೂ ಉಂಟು. ಕ್ಷಯದ ಮಾತ್ರೆಗಳಿಂದ ಇದು ಗುಣವಾಗುವುದಿಲ್ಲ. ಮೊದಲು ಎರಡು ವಾರದಷ್ಟು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ಆಮೇಲೆ ಕನಿಷ್ಠ ಮೂರು ತಿಂಗಳು ಕೋಟ್ರೈಮೊಕ್ಸಜೋಲ್ ಮಾತ್ರೆ ಇದಕ್ಕೆ ಸಾಮಾನ್ಯವಾಗಿ ಕೊಡುವ ಚಿಕಿತ್ಸೆ. ಉಡುಪಿ, ದಕ್ಷಿಣ ಕನ್ನಡಗಳ ರೋಗಿಗಳಲ್ಲಿ ಇದನ್ನು ಗುರುತಿಸಿ ವರದಿ ಮಾಡುವ ಕೆಲಸದಲ್ಲಿ ಮಣಿಪಾಲದ ವೈದ್ಯರ ಪಾಲು ದೊಡ್ಡದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎನ್ನಿಸುತ್ತಿದ್ದ ಈ ಹೆಸರು, ನಾನು ಬಿಡುವ ಹೊತ್ತಿಗೆ ಮಳೆಗಾಲದ ಕೇಸ್ ಶೀಟುಗಳಲ್ಲಿ ಪರಿಚಿತವಾಗಿಬಿಟ್ಟಿತ್ತು. ಕಾಯಿಲೆ ಹೆಚ್ಚಿತೋ ಅದನ್ನು ಗುರುತಿಸುವ ಕಣ್ಣು ಹೆಚ್ಚಿತೋ ಎಂದು ಕೇಳಿದರೆ, ಹೆಚ್ಚಿನ ಪಾಲು ಎರಡನೆಯದೇ ಎಂದು ನನ್ನ ಭಾವನೆ. ಗದ್ದೆಯಲ್ಲಿ ದುಡಿಯುವ, ಸಕ್ಕರೆ ಕಾಯಿಲೆ ಇರುವ ಮನೆಯ ಹಿರಿಯರಿಗೆ ಮಳೆಗಾಲದಲ್ಲಿ ಬಿಡದ ಜ್ವರ ಬಂದರೆ, ಅವರು ಕೆಸರಿನಲ್ಲಿ ದುಡಿಯುತ್ತಿದ್ದರು ಎಂಬ ಮಾತನ್ನು ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ.

ಪ್ರಶ್ನೆ: ಮಂಗನ ಕಾಯಿಲೆಗೆ ಬೇರೆ ಹೆಸರು ಇದೆಯಂತೆ. ಊರಿನ ಹೆಸರನ್ನು ಕಾಯಿಲೆಗೆ ಇಡುವುದು ಸರಿಯೇ?

ಮಂಗನ ಕಾಯಿಲೆಯ ವೈದ್ಯಕೀಯ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕಾಗದಗಳಲ್ಲಿ ಕೆ.ಎಫ್.ಡಿ. ಎಂದಷ್ಟೇ ಬರೆಯುವುದು ರೂಢಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯುತ್ತಿದ್ದುದರ ಜೊತೆಯಲ್ಲೇ ಸುತ್ತಲಿನ ಜನರಿಗೆ ತೀವ್ರ ಜ್ವರ ಬಂದಾಗ ಈ ವೈರಸ್ ಪತ್ತೆಯಾಯಿತು. ಹರಡುವುದು ಉಣುಗುಗಳಿಂದ. ಮಂಗವೂ ಮನುಷ್ಯನಂತೆಯೇ ಇದಕ್ಕೆ ಬಲಿಯಾಗುವ ಪ್ರಾಣಿ, ಆದರೂ ಆಡುಮಾತಿನ ಹೆಸರು ತಪ್ಪನ್ನೆಲ್ಲ ಅದರ ತಲೆಗೆ ಕಟ್ಟಿದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಗೆ ಇದು ಬಂದಾಗಿನ ಭಯವನ್ನು ಆ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ. ತರಗೆಲೆ, ಕಟ್ಟಿಗೆ ತರಲು ಕಾಡಿಗೆ ಹೋಗುವ ಬೇಸಗೆಯ ತಿಂಗಳುಗಳಲ್ಲಿ ಇದರ ಕಾಟ ಹೆಚ್ಚು.

ಊರಿನ ಹೆಸರಿನ ಇನ್ನೊಂದು ಉದಾಹರಣೆಯೂ ಶಿವಮೊಗ್ಗ ಜಿಲ್ಲೆಯದೇ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಸೊಂಟ, ಮೊಣಕಾಲುಗಳ ಕೀಲುಗಳನ್ನು ಸವೆಸುವ ಆನುವಂಶಿಕ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲೂ ಹಂದಿಗೋಡು ಎಂಬ ಹೆಸರೇ ಇದೆ. ಬಡ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದ ನೋವು ಅದು. ತಮಿಳುನಾಡಿನ ಮಧುರೆಯ ಹೆಸರು ಮದುರಾ ಫೂಟ್ ಎಂಬ ಪಾದದ ಸೋಂಕಿಗೆ ಅಂಟಿಕೊಂಡಿದೆ. 1860ರಲ್ಲಿ ವ್ಯಾಂಡೈಕ್ ಕಾರ್ಟರ್ ಕೊಟ್ಟ ಮೈಸಿಟೋಮ ಎಂಬ ಹೆಸರು ಈಗ ಹೆಚ್ಚು ಬಳಕೆಯಲ್ಲಿದೆ. ಮದ್ರಾಸ್ ಮೋಟಾರ್ ನ್ಯೂರಾನ್ ಡಿಸೀಸ್ ಎಂಬುದೂ ಉಂಟು. ಕೈಕಾಲುಗಳ ಬಲಹೀನತೆಯ ಜೊತೆಗೆ ಕಿವಿಯೂ ಮಂದವಾಗುವ ಅದನ್ನು 1970ರಲ್ಲಿ ಮದ್ರಾಸಿನ ನರರೋಗ ತಜ್ಞರು ವಿವರಿಸಿದರು.

ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸರಿಯಲ್ಲ. ಊರಿನವರು ತಾವು ಮಾಡದ ತಪ್ಪಿಗೆ ಹೆಸರು ಹೊರಬೇಕಾಗುತ್ತದೆ, ಹೆಣ್ಣು ಗಂಡು ಕೇಳಲು ಬಂದವರು ಹಿಂದೇಟು ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊಸ ಕಾಯಿಲೆಗಳಿಗೆ ಊರು, ವ್ಯಕ್ತಿ, ಪ್ರಾಣಿಗಳ ಹೆಸರನ್ನು ಇಡಬಾರದೆಂದು ಸೂಚಿಸಿತು. 2020ರ ಫೆಬ್ರವರಿಯಲ್ಲಿ ಕೋವಿಡ್-19 ಎಂಬ ಹೆಸರು ಬಂದದ್ದು ಈ ಸೂಚನೆಯಂತೆ. ಹಳೆಯ ಹೆಸರುಗಳು ಮಾತ್ರ ಹಾಗೆಯೇ ಉಳಿದಿವೆ.

ಪ್ರಶ್ನೆ: ವೈದ್ಯಕೀಯ ಹೆಸರುಗಳು ಇಷ್ಟು ಉದ್ದ ಏಕೆ? ಬಿಡಿಸಿ ಓದುವ ಉಪಾಯ ಇದೆಯೇ?

ಇದೆ, ಮತ್ತು ಅದು ತೋರುವಷ್ಟು ಕಷ್ಟವಲ್ಲ. ಸಂಸ್ಕೃತದ ಸಮಾಸವನ್ನು ಬಿಡಿಸಿದಂತೆ ಈ ಹೆಸರುಗಳನ್ನೂ ಬಿಡಿಸಬಹುದು. ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ತುಣುಕುಗಳನ್ನು ಜೋಡಿಸಿ ಮಾಡಿದವು. ಬಾಲದಿಂದ ಓದಲು ಆರಂಭಿಸಿ. ಕೊನೆಯಲ್ಲಿ "ಐಟಿಸ್" ಬಂದರೆ ಉರಿಯೂತ, "ಓಮ" ಬಂದರೆ ಸಾಮಾನ್ಯವಾಗಿ ಗಡ್ಡೆ, "ಈಮಿಯ" ಬಂದರೆ ರಕ್ತದ ವಿಚಾರ, "ಯೂರಿಯ" ಬಂದರೆ ಮೂತ್ರದ ವಿಚಾರ, "ಪಥಿ" ಬಂದರೆ ಆ ಅಂಗದ ತೊಂದರೆ. ಆಮೇಲೆ ತಲೆಗೆ ಬನ್ನಿ. "ಡಿಸ್" ಎಂದರೆ ಕೆಟ್ಟಿರುವುದು, "ಎ" ಅಥವಾ "ಎನ್" ಎಂದರೆ ಇಲ್ಲದಿರುವುದು, "ಹೈಪರ್" ಎಂದರೆ ಹೆಚ್ಚು, "ಹೈಪೋ" ಎಂದರೆ ಕಡಿಮೆ.

ಕೆಲವು ಹೆಸರುಗಳನ್ನು ಬಿಡಿಸಿದಾಗ ಕರಾವಳಿಯವರಿಗೆ ಚಿತ್ರ ತಾನಾಗಿ ಕಣ್ಣಿಗೆ ಕಟ್ಟುತ್ತದೆ. ಇಕ್ತಿಯೋಸಿಸ್ ಎಂಬುದರಲ್ಲಿರುವ ಇಕ್ತಿಸ್ ಗ್ರೀಕಿನಲ್ಲಿ ಮೀನು. ಚರ್ಮವು ಮೀನಿನ ಹುರುಪೆಯಂತೆ ಒಣಗಿ ಪದರವಾಗುವ ಕಾಯಿಲೆ ಅದು. ಥಲಸೀಮಿಯ ಎಂಬ ಆನುವಂಶಿಕ ರಕ್ತಹೀನತೆಯ ಹೆಸರಿನಲ್ಲಿ ಥಲಸ್ಸ ಎಂದರೆ ಸಮುದ್ರ, ಹೈಮ ಎಂದರೆ ರಕ್ತ. 1925ರಲ್ಲಿ ಥಾಮಸ್ ಕೂಲಿ ಇದನ್ನು ವಿವರಿಸಿದಾಗ ಮೊದಲಿಗೆ ಕಂಡುಬಂದ ಮಕ್ಕಳ ಮನೆತನಗಳು ಮೆಡಿಟರೇನಿಯನ್ ಸಮುದ್ರದ ದಡದವಾಗಿದ್ದ ಕಾರಣ ಮುಂದೆ ಈ ಹೆಸರು ಬಂತು. ಆನೆಕಾಲು ರೋಗದ ವಿಷಯದಲ್ಲಿ ಗ್ರೀಕರಿಗೂ ನಮ್ಮ ಹಿರಿಯರಿಗೂ ಒಂದೇ ಹೋಲಿಕೆ ಹೊಳೆದಿದೆ: ಎಲಿಫೆಂಟಿಯಾಸಿಸ್ ಎಂದರೂ ಆನೆಯೇ. ಮಯಸ್ತೇನಿಯ ಗ್ರಾವಿಸ್ ಎಂದರೆ ಸ್ನಾಯುವಿನ ತೀವ್ರ ನಿತ್ರಾಣ. ಬೆಳಿಗ್ಗೆ ಸರಿಯಾಗಿದ್ದ ಕಣ್ಣಿನ ರೆಪ್ಪೆ ಸಂಜೆಗೆ ಜೋತುಬೀಳುವವರಲ್ಲಿ ವೈದ್ಯರು ಇದನ್ನು ಸಂಶಯಿಸುತ್ತಾರೆ. ಮೋಯಮೋಯ ಎಂಬುದು ಜಪಾನೀ ಮಾತು. ಮೆದುಳಿನ ರಕ್ತನಾಳಗಳು ಕಿರಿದಾಗಿ, ಅವುಗಳ ಸುತ್ತ ಬೆಳೆಯುವ ಸಣ್ಣ ನಾಳಗಳ ಜಾಲ ಚಿತ್ರದಲ್ಲಿ ಹೊಗೆಯ ಸುರುಳಿಯಂತೆ ಕಾಣುವುದರಿಂದ ಆ ಹೆಸರು.

ಒಂದು ಹೆಸರು ಮಾತ್ರ ನನಗೆ ಯಾವತ್ತೂ ಹಿಡಿಸಲಿಲ್ಲ. ಹಂಟಿಂಗ್ಟನ್ ಕಾಯಿಲೆಯನ್ನು ಮೊದಲು ಹಂಟಿಂಗ್ಟನ್ ಕೊರಿಯಾ ಎನ್ನುತ್ತಿದ್ದರು, ಕೊರಿಯಾ ಎಂದರೆ ನೃತ್ಯ. ತನ್ನ ಹಿಡಿತಕ್ಕೆ ಸಿಗದೆ ಅಲುಗುವ ಕೈಕಾಲುಗಳನ್ನು ನೃತ್ಯವೆಂದು ಕರೆಯಲು, ರಾತ್ರಿಯಿಡೀ ಯಕ್ಷಗಾನದ ಹೆಜ್ಜೆ ನೋಡಿ ಬೆಳೆದ ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಹೈಪರ್, ಹೈಪೋ ಎಂಬ ಒಂದಕ್ಷರದ ವ್ಯತ್ಯಾಸ ಅಷ್ಟು ಮುಖ್ಯವೇ?

ಪ್ರಾಣಕ್ಕೆ ಸಂಬಂಧಿಸಿದಷ್ಟು ಮುಖ್ಯ. ಪೀರಿಯಾಡಿಕ್ ಪ್ಯಾರಲಿಸಿಸ್ ಎಂಬ ಅಪರೂಪದ ಕಾಯಿಲೆಯಲ್ಲಿ ಕೈಕಾಲುಗಳು ಆಗಾಗ ಬಲ ಕಳೆದುಕೊಂಡು ಮತ್ತೆ ಸರಿಯಾಗುತ್ತವೆ. ಅದರಲ್ಲಿ ಹೈಪೋಕಲೀಮಿಕ್, ಹೈಪರ್‌ಕಲೀಮಿಕ್ ಎಂಬ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ದಾಳಿಯ ಹೊತ್ತಿಗೆ ರಕ್ತದ ಪೊಟ್ಯಾಸಿಯಂ ಇಳಿಯುವುದರಿಂದ ಪೊಟ್ಯಾಸಿಯಂ ಕೊಡುತ್ತಾರೆ. ಎರಡನೆಯದರಲ್ಲಿ ಅದೇ ಪೊಟ್ಯಾಸಿಯಂ ದಾಳಿಯನ್ನು ಕೆರಳಿಸುತ್ತದೆ. ಫೋನಿನಲ್ಲಿ ಹೆಸರನ್ನು ಬಾಯಿಮಾತಿನಲ್ಲಿ ಹೇಳುವ ಬದಲು ಕಾಗದದ ಫೋಟೋ ಕಳಿಸಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದುದು ಇದಕ್ಕಾಗಿಯೇ.

ಪ್ರಶ್ನೆ: ಕಾಯಿಲೆಗೆ ವ್ಯಕ್ತಿಯ ಹೆಸರಿದ್ದರೆ ಅದನ್ನು ಅವರೇ ಕಂಡುಹಿಡಿದರು ಎಂದರ್ಥವೇ?

ಬಹುಪಾಲು ಅವರು ಅದನ್ನು ಸ್ಪಷ್ಟವಾಗಿ ವಿವರಿಸಿದವರು. ದೇಹದಲ್ಲಿ ತಾಮ್ರ ಶೇಖರವಾಗಿ ಲಿವರ್ ಮತ್ತು ಮೆದುಳನ್ನು ಕೆಡಿಸುವ ಕಾಯಿಲೆಯನ್ನು 1912ರಲ್ಲಿ ವಿವರಿಸಿದ ಕಿನ್ನಿಯರ್ ವಿಲ್ಸನ್ ಅವರಿಂದ ವಿಲ್ಸನ್ ಕಾಯಿಲೆ ಎಂಬ ಹೆಸರು ಬಂತು. ಕವಾಸಾಕಿ ಎಂದಾಗ ಕೆಲವರು ಮೋಟಾರು ಬೈಕನ್ನೋ ಜಪಾನಿನ ನಗರವನ್ನೋ ನೆನೆಯುತ್ತಾರೆ. ಅದು ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ಅವರ ಹೆಸರು. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಐದು ದಿನ ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ಗಂಧೆ ಇರುವ ಚಿಕ್ಕ ಮಗುವಿನಲ್ಲಿ ಇದನ್ನು ನೆನಪಿಸಿಕೊಳ್ಳಬೇಕು. ಏಕೆಂದರೆ ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರೆ ಹೃದಯದ ರಕ್ತನಾಳಗಳಿಗೆ ಆಗುವ ಹಾನಿಯ ಸಂಭವ ಬಹಳ ತಗ್ಗುತ್ತದೆ.

ರೋಗಿಯ ಹೆಸರೇ ಉಳಿದ ಉದಾಹರಣೆಯೂ ಇದೆ. ಹಿಮೊಫೀಲಿಯ ಬಿ ಎಂಬ ರಕ್ತಸ್ರಾವದ ಕಾಯಿಲೆಗೆ ಕ್ರಿಸ್ಮಸ್ ಡಿಸೀಸ್ ಎಂಬ ಹೆಸರು ಬಂದದ್ದು ಹಬ್ಬದಿಂದಲ್ಲ. 1952ರಲ್ಲಿ ವಿವರಿಸಲಾದ ಸ್ಟೀಫನ್ ಕ್ರಿಸ್ಮಸ್ ಎಂಬ ಹುಡುಗನಿಂದ ಆ ಹೆಸರು ಬಂತು.

ಕೆಲವು ಹೆಸರುಗಳನ್ನು ವೈದ್ಯಲೋಕ ತಾನಾಗಿ ಕೈಬಿಟ್ಟಿದೆ. ವೆಗನರ್ ಎಂಬ ಹೆಸರಿದ್ದ ರಕ್ತನಾಳದ ಕಾಯಿಲೆಯನ್ನು, ಆ ವೈದ್ಯರು ನಾತ್ಸಿ ಪಕ್ಷದಲ್ಲಿದ್ದುದು ತಿಳಿದ ಮೇಲೆ, ಗ್ರಾನ್ಯುಲೊಮಟೋಸಿಸ್ ವಿತ್ ಪಾಲಿಯಾಂಜೈಟಿಸ್ ಎಂದು ಕರೆಯಲಾಗುತ್ತಿದೆ. ಹೆಸರು ಉದ್ದವಾಯಿತು, ಆದರೂ ಒಳ್ಳೆಯದೇ ಆಯಿತು. ತೊಂದರೆ ಏನೆಂದರೆ ಹಳೆಯ ಕಡತದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇದ್ದಾಗ ಮನೆಯವರು ಎರಡು ಕಾಯಿಲೆ ಇದೆಯೆಂದು ಗಾಬರಿಯಾಗುತ್ತಾರೆ.

ಪ್ರಶ್ನೆ: ಸಿಂಡ್ರೋಮ್ ಮತ್ತು ಡಿಸೀಸ್ ಬೇರೆ ಬೇರೆಯೇ?

ಸಿಂಡ್ರೋಮ್ ಎಂದರೆ ಗ್ರೀಕಿನಲ್ಲಿ ಜೊತೆಯಾಗಿ ಓಡುವುದು. ಹಲವು ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಳ್ಳುವುದಕ್ಕೆ ಇಟ್ಟ ಹೆಸರು ಅದು, ಕಾರಣ ಗೊತ್ತಿರಲೇಬೇಕೆಂದಿಲ್ಲ. ಕಾರಣ ಪತ್ತೆಯಾದ ಮೇಲೂ ಹಳೆಯ ಹೆಸರೇ ಉಳಿಯುವುದು ಸಾಮಾನ್ಯವಾದ್ದರಿಂದ ಈ ಎರಡು ಮಾತುಗಳ ನಡುವಿನ ಗೆರೆ ಈಗ ಮಸುಕಾಗಿದೆ.

ಪ್ರಶ್ನೆ: "ಇಡಿಯೋಪಥಿಕ್" ಎಂದು ಬರೆದಿದ್ದಾರೆ. ಅದು ಯಾವ ಕಾಯಿಲೆ?

ಅದು ಕಾಯಿಲೆಯ ಹೆಸರಲ್ಲ. ಕಾರಣ ತಿಳಿದಿಲ್ಲ ಎಂಬುದರ ವೈದ್ಯಕೀಯ ರೂಪ. ಅದರ ಪಕ್ಕದಲ್ಲಿ ಬರೆದ ಪದವೇ ನಿಮ್ಮ ಕಾಯಿಲೆ.

ಪ್ರಶ್ನೆ: ಹೆಸರು ಸ್ವಲ್ಪ ಅರ್ಧಂಬರ್ಧ ಇದ್ದರೆ ಏನು ತೊಂದರೆ?

ಈ ಪುಟವನ್ನು ಬರೆಯಲು ಕಾರಣವೇ ಈ ಪ್ರಶ್ನೆ. ಬೈಂದೂರಿನ ಕಡೆಯ ಒಂದು ಕುಟುಂಬ ಮೂರು ಆಸ್ಪತ್ರೆ ಸುತ್ತಿ ನಮ್ಮಲ್ಲಿಗೆ ಬಂದಿತ್ತು. ಹಿಂದಿನ ಒಂದು ಕಡೆಯ ಕಾಗದದಲ್ಲಿ ಮಗುವಿನ ಕಾಯಿಲೆಯನ್ನು "ಸ್ಟೋರೇಜ್ ಡಿಸಾರ್ಡರ್" (ಒಡೆಯಬೇಕಾದ ವಸ್ತು ದೇಹದಲ್ಲೇ ಶೇಖರವಾಗುವ ಕಾಯಿಲೆ) ಎಂದಷ್ಟೇ ಬರೆದಿದ್ದರು. ನೆರವಿಗೆ ಹಾಕಿದ ಅರ್ಜಿ, ಯಾವ ಸ್ಟೋರೇಜ್ ಡಿಸಾರ್ಡರ್ ಎಂಬ ವಿವರ ಇಲ್ಲವೆಂದು ಮರಳಿ ಬಂದಿತ್ತು. ಅಜ್ಜಿ ಆ ಕಾಗದವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಡಚಿ, ದೇವರ ಪ್ರಸಾದದಂತೆ ಜೋಪಾನ ಮಾಡಿದ್ದರು. ಅದರಲ್ಲಿ ಬೇಕಾದ ಒಂದು ಸಂಖ್ಯೆಯೇ ಇರಲಿಲ್ಲ. ಪುನಃ ರಕ್ತ ಪರೀಕ್ಷೆಯಾಗಿ ಪೂರ್ಣ ಹೆಸರು ಕೈಗೆ ಸಿಗುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು.

ಆ ಒಂದು ಸಂಖ್ಯೆ ಏಕೆ ಬೇಕೆಂದು ಹೇಳುತ್ತೇನೆ. ಮ್ಯೂಕೊಪಾಲಿಸ್ಯಾಕರಿಡೋಸಿಸ್ ಅಥವಾ ಎಂ.ಪಿ.ಎಸ್. ಎಂಬ ಸ್ಟೋರೇಜ್ ಡಿಸಾರ್ಡರ್‌ಗಳ ಗುಂಪಿನಲ್ಲಿ ಟೈಪ್ 1, ಟೈಪ್ 2 ಎಂಬ ಹಲವು ಬಗೆಗಳಿವೆ. ಪ್ರತಿಯೊಂದರಲ್ಲೂ ಕೊರತೆಯಾಗುವ ಕಿಣ್ವ ಬೇರೆ, ಆದ್ದರಿಂದ ತುಂಬಿಕೊಡಬೇಕಾದ ಔಷಧವೂ ಬೇರೆ. ಟೈಪ್ 1 ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಟೈಪ್ 2 ಎಕ್ಸ್ ವರ್ಣತಂತುವಿನ ಮೂಲಕ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಹಾಗಾಗಿ ಮುಂದಿನ ಬಸಿರಿನ ಬಗ್ಗೆ ಕೊಡುವ ಸಲಹೆಯೂ ಬದಲಾಗುತ್ತದೆ.

ಸಂಕ್ಷಿಪ್ತ ಅಕ್ಷರಗಳೂ ಮೋಸ ಮಾಡುತ್ತವೆ. ಎಂ.ಎಸ್. ಎಂದರೆ ನರರೋಗ ವಿಭಾಗದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಹೃದ್ರೋಗ ವಿಭಾಗದಲ್ಲಿ ಮೈಟ್ರಲ್ ಸ್ಟೆನೋಸಿಸ್. ವೈದ್ಯರನ್ನು ಕೇಳಿ ಪೂರ್ಣ ಹೆಸರು, ಬಗೆಯ ಸಂಖ್ಯೆ, ವಂಶವಾಹಿ ಪರೀಕ್ಷೆ ಆಗಿದ್ದರೆ ವಂಶವಾಹಿಯ ಹೆಸರು ಇಷ್ಟನ್ನೂ ಅಚ್ಚಿನ ಅಕ್ಷರದಲ್ಲಿ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ. ಹೆಚ್ಚಿನ ವೈದ್ಯರು ಸಂತೋಷದಿಂದ ಬರೆದುಕೊಡುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಮಗುವಿನ ಮೂತ್ರಕ್ಕೆ ಸಿಹಿ ವಾಸನೆ ಇದ್ದರೆ ಅದೂ ಕಾಯಿಲೆಯೇ?

ಮೇಪಲ್ ಸಿರಪ್ ಯೂರಿನ್ ಡಿಸೀಸ್ ಎಂಬ ಕಾಯಿಲೆಯಲ್ಲಿ ಹಾಗಾಗುತ್ತದೆ. ಮೇಪಲ್ ಎಂಬುದು ಉತ್ತರ ಅಮೆರಿಕದಲ್ಲಿ ಬೆಳೆಯುವ ಒಂದು ಮರ; ಅದರ ರಸವನ್ನು ಕಾಯಿಸಿ ಪಾಕ ಮಾಡುತ್ತಾರೆ. ಅದನ್ನು ಮೂಸಿ ನೋಡದ ನಮಗೆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ತಳ ಹಿಡಿದ ಬೆಲ್ಲದ ಪಾಕ ಎಂದರೆ ತಕ್ಷಣ ತಿಳಿಯುತ್ತದೆ. ಪ್ರೋಟೀನಿನ ಮೂರು ಅಮೈನೊ ಆಮ್ಲಗಳನ್ನು ಒಡೆಯುವ ಕಿಣ್ವ ಕೆಲಸ ಮಾಡದ ಈ ಕಾಯಿಲೆಯಲ್ಲಿ, ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ಹಾಲು ಕುಡಿಯುವುದನ್ನು ಬಿಡುತ್ತದೆ, ಮಂಪರಾಗುತ್ತದೆ, ಮೂತ್ರದಲ್ಲಿಯೂ ಕಿವಿಯ ಗುಗ್ಗೆಯಲ್ಲಿಯೂ ಆ ವಾಸನೆ ಬರುತ್ತದೆ. ಅದು ತುರ್ತು ಸ್ಥಿತಿ, ಒಂದು ರಾತ್ರಿಯೂ ಕಾಯಬಾರದು.

ಆದರೆ ನಮ್ಮ ಕಡೆಯವರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಆ ವಾಸನೆಗೆ ಕಾರಣವಾದ ಸೊಟೊಲೋನ್ ಎಂಬ ವಸ್ತು ಮೆಂತೆಯಲ್ಲಿಯೂ ಇದೆ. ಹೆರಿಗೆಯ ಹೊತ್ತಿಗೆ ತಾಯಿ ಮೆಂತೆ ಸೇವಿಸಿದ್ದರಿಂದ ಆರೋಗ್ಯವಂತ ಶಿಶುವಿನ ಮೂತ್ರಕ್ಕೆ ಇದೇ ವಾಸನೆ ಬಂದು, ವೈದ್ಯರು ಕಾಯಿಲೆಯನ್ನು ಸಂಶಯಿಸಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮೆಂತೆ ಗಂಜಿ ನಮ್ಮ ಬಾಣಂತನದ ಊಟದಲ್ಲೇ ಇದೆ. ಹಾಗೆಂದು ವಾಸನೆ ಕಂಡಾಗ "ಮೆಂತೆಯದ್ದೇ ಇರಬೇಕು" ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಮಗುವನ್ನು ತೋರಿಸಿ, ತಾಯಿ ಏನು ಉಂಡಿದ್ದಾಳೆಂಬುದನ್ನೂ ವೈದ್ಯರಿಗೆ ಹೇಳಿ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದ ಪರೀಕ್ಷೆಯಿಂದ ಎರಡನ್ನೂ ಬೇರ್ಪಡಿಸಬಹುದು.

ಪ್ರಶ್ನೆ: ನಮ್ಮ ಎರಡೂ ಕಡೆಯ ಮನೆಯಲ್ಲಿ ಯಾರಿಗೂ ಇಲ್ಲ. ಮಗುವಿಗೆ ಹೇಗೆ ಬಂತು? ನಾಗದೋಷವೇ?

ಅಪರೂಪದ ಕಾಯಿಲೆಗಳಲ್ಲಿ ಬಹುಪಾಲು ವಂಶವಾಹಿಗೆ ಸಂಬಂಧಿಸಿದವು. ಹೆಚ್ಚಿನ ವಂಶವಾಹಿಗಳು ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುವುದರಿಂದ ಅನೇಕ ಕಾಯಿಲೆಗಳಲ್ಲಿ ವಾಹಕರಿಗೆ ಏನೂ ತೊಂದರೆ ಕಾಣಿಸದು. ತಲೆಮಾರುಗಳ ತನಕ ಅದು ಮೌನವಾಗಿ ಸಾಗಿಬಂದಿರಬಹುದು. ಇಬ್ಬರು ವಾಹಕರು ದಂಪತಿಗಳಾದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಥಲಸೀಮಿಯ ಬರುವುದು ಹೀಗೆ.

ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚುತ್ತದೆ. ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಒಂದೇ ಬರಿಯವರು, ಅಂದರೆ ಗೋತ್ರದಂತಹ ಒಂದೇ ತಾಯಿಕುಲದವರು, ಮದುವೆಯಾಗುವಂತಿಲ್ಲ. ಹಾಗಾಗಿ ಸೋದರಮಾವ ಅಕ್ಕನ ಮಗಳನ್ನು ತರುವಂತಿಲ್ಲ. ಇದು ಒಂದು ಮಟ್ಟಿಗೆ ರಕ್ಷಣೆಯೇ ಹೌದು. ಆದರೆ ಬರಿ ಇಳಿಯುವುದು ತಾಯಿಯ ಕಡೆಯಿಂದ ಮಾತ್ರ, ವಂಶವಾಹಿ ಎರಡೂ ಕಡೆಯಿಂದ. ಮಾವನ ಮಗಳ ಬರಿ ಬೇರೆಯಾದರೂ ಅಜ್ಜ ಅಜ್ಜಿಯರು ಒಬ್ಬರೇ.

ನಾಗದೋಷದ ಬಗ್ಗೆ: ನಾನೂ ನಾಗಬನಕ್ಕೆ ತನು ಎರೆಯುವ ಮನೆಯವನೇ, ಯಾರ ನಂಬಿಕೆಯನ್ನೂ ಪ್ರಶ್ನಿಸುವ ಉದ್ದೇಶ ನನಗಿಲ್ಲ. ಆಶ್ಲೇಷಾ ಬಲಿ ಮಾಡಿಸುವವರು ಮಾಡಿಸಲಿ. ಆದರೆ ಅದಕ್ಕೆ ದಿನ ಗೊತ್ತುಮಾಡಿ, ಪರೀಕ್ಷೆಯನ್ನು ಅದರಾಚೆಗೆ ಮುಂದೂಡಬಾರದು. ಇನ್ನೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂತಹ ಮಗು ಹುಟ್ಟಿದ ಮನೆಗಳಲ್ಲಿ ಬೆರಳು ಮೊದಲು ತಿರುಗುವುದು ಸೊಸೆಯ ಕಡೆಗೆ. ಇಬ್ಬರೂ ವಾಹಕರಾಗಿರುವ ಕಾಯಿಲೆಗೆ ಒಬ್ಬಳನ್ನು ದೂರುವುದು ಅನ್ಯಾಯ. ಹಿಮೊಫೀಲಿಯದಂತೆ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಬರುವ ಕಾಯಿಲೆಯಲ್ಲೂ ಆಕೆ ತಿಳಿದು ಮಾಡಿದ್ದೇನೂ ಇಲ್ಲ. ಎಷ್ಟೋ ಸಲ ತಂದೆ ತಾಯಿ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆ ಮಗುವಿನಲ್ಲೇ ಮೊದಲು ಆಗಿರುತ್ತದೆ.

ಪ್ರಶ್ನೆ: ಹೆಸರು ಗೊತ್ತಾದರೆ ಚಿಕಿತ್ಸೆ ಸಿಗುತ್ತದೆಯೇ?

ಕೆಲವಕ್ಕೆ ಸಿಗುತ್ತದೆ. ವಿಲ್ಸನ್ ಕಾಯಿಲೆಯನ್ನು ಬೇಗ ಗುರುತಿಸಿ ಪೆನಿಸಿಲಮೈನ್ ಅಥವಾ ಸತುವಿನ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡವರು ಓದಿ, ದುಡಿದು, ಸಂಸಾರ ಮಾಡಿಕೊಂಡಿದ್ದಾರೆ. ಗೋಶೆ ಎಂಬ ಸ್ಟೋರೇಜ್ ಡಿಸಾರ್ಡರ್‌ಗೆ ಕಿಣ್ವವನ್ನು ಹೊರಗಿನಿಂದ ಕೊಡುವ ಚಿಕಿತ್ಸೆ 1991ರಿಂದ ಇದೆ. ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ 2016ರ ತನಕ ಔಷಧವೇ ಇರಲಿಲ್ಲ, ಈಗ ಮೂರು ಇವೆ. ಅವುಗಳಲ್ಲಿ ಒಂದು ಬಾಯಿಯ ಮೂಲಕ ಕೊಡುವಂತಹದು. ಆದರೆ ಬೆಲೆಯೇ ದೊಡ್ಡ ಗೋಡೆ. ಇದೇ ಕಾಯಿಲೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಂಶವಾಹಿ ಚಿಕಿತ್ಸೆಯ ಒಂದು ಡೋಸಿಗೆ ಅಲ್ಲಿ 21 ಲಕ್ಷ ಡಾಲರಿಗೂ ಮೇಲೆ ಬೆಲೆ ಇಟ್ಟರು.

ಗುಣಪಡಿಸುವ ಚಿಕಿತ್ಸೆ ಇಲ್ಲದಿದ್ದರೂ ಹೆಸರು ಮಗುವನ್ನು ಕಾಪಾಡುವ ಸಂದರ್ಭಗಳಿವೆ. ಫೈಬ್ರೊಡಿಸ್‌ಪ್ಲೇಸಿಯ ಆಸಿಫಿಕಾನ್ಸ್ ಪ್ರೊಗ್ರೆಸಿವ ಎಂಬ ಕಾಯಿಲೆ ಹತ್ತು–ಇಪ್ಪತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುವಂತಹದು. ಅದರಲ್ಲಿ ಸ್ನಾಯುಗಳು ನಿಧಾನವಾಗಿ ಮೂಳೆಯಾಗುತ್ತವೆ. ಹುಟ್ಟುವಾಗಲೇ ಕಾಲಿನ ಹೆಬ್ಬೆರಳು ಗಿಡ್ಡವಾಗಿ ವಕ್ರವಾಗಿರುವುದು ಅದರ ಗುರುತು. ಈ ಮಕ್ಕಳಿಗೆ ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟರೆ, ಗಂಟಿನಿಂದ ಚೂರು ತೆಗೆದು ಪರೀಕ್ಷಿಸಿದರೆ, ಆ ಜಾಗದಲ್ಲೇ ಮೂಳೆ ಬೆಳೆಯಬಹುದು. ಹೆಸರು ಗೊತ್ತಿದ್ದರೆ ಏನನ್ನು ಮಾಡಬಾರದು ಎಂಬುದು ಗೊತ್ತಿರುತ್ತದೆ.

ಪ್ರಶ್ನೆ: ಸರಕಾರದ ನೆರವು ಯಾರಿಗೆ, ಎಲ್ಲಿ ಸಿಗುತ್ತದೆ?

2021ರ ರಾಷ್ಟ್ರೀಯ ನೀತಿಯು ಕಾಯಿಲೆಗಳನ್ನು ಮೂರು ಗುಂಪು ಮಾಡಿದೆ: ಒಂದೇ ಸಲದ ಚಿಕಿತ್ಸೆಯಿಂದ ಗುಣವಾಗಬಲ್ಲವು, ಹೋಲಿಕೆಯಲ್ಲಿ ಕಡಿಮೆ ವೆಚ್ಚದ ದೀರ್ಘಕಾಲದ ಚಿಕಿತ್ಸೆ ಬೇಕಾದವು, ಮತ್ತು ಚಿಕಿತ್ಸೆ ಇದ್ದರೂ ಜೀವನಪೂರ್ತಿ ಅತಿ ದುಬಾರಿಯಾದವು. ವಿಶೇಷ ಆಹಾರದ ಮೇಲೆ ನಿಂತ ಮೇಪಲ್ ಸಿರಪ್ ಕಾಯಿಲೆ ಎರಡನೆಯದರಲ್ಲಿದೆ. 2022ರಲ್ಲಿ ನೆರವಿನ ಮಿತಿಯನ್ನು ಎಲ್ಲ ಗುಂಪುಗಳಿಗೂ 50 ಲಕ್ಷ ರೂಪಾಯಿಯ ತನಕ ಏರಿಸಲಾಯಿತು. ಈ ಹಣ ರೋಗಿಯ ಕೈಗೆ ಬರುವುದಿಲ್ಲ, ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳ ಮೂಲಕವೇ ಚಿಕಿತ್ಸೆಗೆ ಬಳಕೆಯಾಗುತ್ತದೆ. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ: ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆಯಾಗಿ ನಡೆಸುವ ಕೇಂದ್ರ. ಪಟ್ಟಿಯಲ್ಲಿರುವ ಹೆಸರಿಗೂ ನಿಮ್ಮ ಕಾಗದದಲ್ಲಿರುವ ಹೆಸರಿಗೂ ತಾಳೆಯಾಗಬೇಕು ಎಂಬುದನ್ನು ಮರೆಯಬೇಡಿ.

ಇದಲ್ಲದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಗಳಲ್ಲಿ ಥಲಸೀಮಿಯ, ಹಿಮೊಫೀಲಿಯ, ಸಿಕಲ್ ಸೆಲ್ ಕಾಯಿಲೆ, ಮಸ್ಕ್ಯುಲರ್ ಡಿಸ್ಟ್ರೋಫಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿವೆ. ನಡೆದಾಡುವ ಮಗುವಿಗೆ ಅಂಗವಿಕಲರ ಕಾರ್ಡು ಏಕೆ ಎಂದು ಕೆಲವರು ಅದನ್ನು ಮಾಡಿಸುವುದೇ ಇಲ್ಲ. ಮಾಡಿಸಿಕೊಳ್ಳಿ, ಅದು ಮಗುವಿನ ಹಕ್ಕು.

ಪ್ರಶ್ನೆ: ಎಷ್ಟು ಪರೀಕ್ಷೆ ಮಾಡಿದರೂ ಹೆಸರೇ ಸಿಗಲಿಲ್ಲ. ಮುಂದೇನು?

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ನಮ್ಮ ಕಡೆಯವರು ವಂಶವಾಹಿ ಸಲಹೆಗಾಗಿ ದೂರ ಹೋಗಬೇಕಾಗಿಲ್ಲ. ವರದಿಯಲ್ಲಿ "ಅರ್ಥ ಖಚಿತವಾಗದ ಬದಲಾವಣೆ" ಎಂಬ ಮಾತು ಬಂದರೆ, ಒಂದು ವ್ಯತ್ಯಾಸ ಕಂಡಿದೆ, ಅದೇ ಕಾಯಿಲೆಗೆ ಕಾರಣವೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂದರ್ಥ. ಅದನ್ನು ಹೌದೆಂದೂ ಇಲ್ಲವೆಂದೂ ಓದಬಾರದು. ಅದರ ಆಧಾರದ ಮೇಲೆ ಮುಂದಿನ ಬಸಿರಿನ ಬಗ್ಗೆ ತೀರ್ಮಾನಕ್ಕೂ ಬರಬಾರದು.

ಹೊಸ ವಂಶವಾಹಿಗಳು, ಹೊಸ ಕಾಯಿಲೆಗಳು ಪ್ರತಿವರ್ಷ ವಿವರಿಸಲ್ಪಡುತ್ತಿವೆ. ಆದ್ದರಿಂದ ಇವತ್ತು ಉತ್ತರ ಕೊಡದ ಅದೇ ಪರೀಕ್ಷೆಯ ಮಾಹಿತಿಯನ್ನು ಒಂದೆರಡು ವರ್ಷ ಬಿಟ್ಟು ಪುನಃ ವಿಶ್ಲೇಷಿಸಿದಾಗ ಹೆಸರು ಸಿಗುವುದುಂಟು. ಅದಕ್ಕೆ ಎಷ್ಟೋ ಸಲ ಹೊಸದಾಗಿ ರಕ್ತ ಕೊಡಬೇಕಾಗಿಯೂ ಇಲ್ಲ. ಪರೀಕ್ಷೆ ಮಾಡಿದ ಪ್ರಯೋಗಾಲಯದಿಂದ ವರದಿಯ ಜೊತೆಗೆ ಮೂಲ ಮಾಹಿತಿಯ ಕಡತವನ್ನೂ ಕೇಳಿ ಪಡೆದುಕೊಳ್ಳಿ. ಮಗುವಿನ ಮುಖ, ಕೈಬೆರಳು, ನಡಿಗೆಗಳ ಫೋಟೋ ಮತ್ತು ವಿಡಿಯೋಗಳನ್ನು ವರ್ಷ ವರ್ಷವೂ ತೆಗೆದಿಡಿ, ಎರಡೂ ಕಡೆಯ ಮೂರು ತಲೆಮಾರಿನವರ ಹೆಸರು, ವಯಸ್ಸು, ಕಾಯಿಲೆಗಳನ್ನು ಅಜ್ಜಿಯರು ಇರುವಾಗಲೇ ಕೇಳಿ ಬರೆದಿಡಿ. ಮುಂದಿನ ಭೇಟಿಗೆ ಹೋಗುವಾಗ ಇವೆಲ್ಲ ಒಂದೇ ಚೀಲದಲ್ಲಿ, ದಿನಾಂಕದ ಕ್ರಮದಲ್ಲಿ ಇರಲಿ.